ಕುತ್ತಿಗೆ ನಿಲ್ಲದ ಕೂಸು, ರಿಜಿಸ್ಟರಿನಲ್ಲಿಲ್ಲದ ಕಾಲಂ

ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಸ್ವಲ್ಪ ಉದ್ದ ಆಗಿದೆ, ಪುರಸೊತ್ತು ಮಾಡಿಕೊಂಡು ಓದಿ.

ನಮ್ಮಲ್ಲಿ ಆಸ್ಪತ್ರೆಗಳ ಚರಿತ್ರೆ ಅಂದರೆ ಕಟ್ಟಡ ಯಾವಾಗ ಎದ್ದಿತು, ಯಾವ ಮಂತ್ರಿ ಟೇಪು ಕತ್ತರಿಸಿದರು, ಮೊದಲ ಡಾಕ್ಟರು ಯಾರು, ಇಷ್ಟೇ. ನರ್ಸುಗಳು ಅದರಲ್ಲಿ ಗ್ರೂಪ್ ಫೋಟೋದ ಹಿಂದಿನ ಸಾಲು. ಆದರೆ ಒಂದು ಪ್ರಶ್ನೆ ಕೇಳಿ ನೋಡಿ. ಸಿಂಧನೂರು ತಾಲೂಕಿನ ಸಾಲಗುಂದದಂಥ ಊರಲ್ಲಿ ಒಂದು ಕೂಸು ಹುಟ್ಟುತ್ತೆ. ನಾಲ್ಕು ತಿಂಗಳಾದರೂ ಕುತ್ತಿಗೆ ನಿಂತಿಲ್ಲ. ತಾಯಿ ಮುಖ ನೋಡಿ ನಗಲ್ಲ. ಕೈ ಮುಷ್ಟಿ ಬಿಚ್ಚಲ್ಲ. ಇದನ್ನ ಮನೆಯ ಹೊರಗಿನವರಲ್ಲಿ ಮೊದಲು ನೋಡೋದು ಯಾರು? ರಾಯಚೂರಿನ ಮಕ್ಕಳ ತಜ್ಞರಲ್ಲ, ಬೆಂಗಳೂರಿನ ನಿಮ್ಹಾನ್ಸ್ ಅಲ್ಲ. ಲಸಿಕೆ ಹಾಕೋಕೆ ಬಂದ ಸಿಸ್ಟರು. ಅವರ ಕಣ್ಣಿಗೆ ಬಿತ್ತು ಅಂದರೆ ಆ ಕೂಸಿನ ಮುಂದಿನ ದಾರಿ ಒಂದು, ಬೀಳಲಿಲ್ಲ ಅಂದರೆ ಇನ್ನೊಂದು. ಈ 'ಕಣ್ಣಿಗೆ ಬೀಳೋದು' ಅನ್ನೋದಕ್ಕೂ ಒಂದು ಚರಿತ್ರೆ ಇದೆ. ಅದನ್ನೇ ಇಲ್ಲಿ ಜೋಡಿಸಿ ನೋಡ್ತಾ ಇದ್ದೀನಿ.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಸಿಂಧನೂರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. 1948ರವರೆಗೆ ನಿಜಾಮನ ಆಳ್ವಿಕೆ, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ್ದು. 1950ರ ದಶಕದಲ್ಲಿ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು. ಭತ್ತದ ಬೆನ್ನಿಗೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು. ಆಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳಾದವು. ಹೀಗಾಗಿ ಈ ತಾಲೂಕಿನ ಆರೋಗ್ಯ ಸಹಾಯಕಿ ಒಂದೇ ವಾರದಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಮಾತಾಡೋ ತಾಯಂದಿರನ್ನ ಮಾತಾಡಿಸಬೇಕು. "ಕೂಸು ನಿಮ್ಮ ಕಡೆ ನೋಡ್ತದೇನವ್ವ?" ಅನ್ನೋ ಒಂದು ಪ್ರಶ್ನೆಯನ್ನ ಐದು ಭಾಷೆಯಲ್ಲಿ ಕೇಳೋದು ಎಷ್ಟು ಕಷ್ಟ ಅಂತ ಯೋಚಿಸಿ. ಹೊಲದಲ್ಲಿ ನೀರು ಹರಿದಷ್ಟು ಸಲೀಸಾಗಿ ಆಸ್ಪತ್ರೆ ಈ ಸೀಮೆಗೆ ಬರಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟು ರಾಜ್ಯದ 114 ತಾಲೂಕುಗಳನ್ನ ಹಿಂದುಳಿದವು ಅಂತ ಗುರುತಿಸಿತಲ್ಲ, ರಾಯಚೂರು ಜಿಲ್ಲೆಯ ಹೆಸರು ಅಲ್ಲಿ ಎದ್ದು ಕಾಣುತ್ತೆ.

ಹಾಗಂತ ನಮ್ಮ ಜನಕ್ಕೆ ಮಗುವಿನ ಬೆಳವಣಿಗೆ ಗೊತ್ತಿರಲಿಲ್ಲ ಅಂತಲ್ಲ. ಅಜ್ಜಿಯರ ಹತ್ತಿರ ಒಂದು ಅಳತೆಗೋಲು ಇದ್ದೇ ಇತ್ತು. ಕುತ್ತಿಗೆ ನಿಲ್ಲೋದು, ಬೋರಲು ಬೀಳೋದು, ಕೂಡೋದು, ಅಂಬೆಗಾಲು, ತಪ್ಪುಹೆಜ್ಜೆ, ತೊದಲು. ಒಂದೊಂದಕ್ಕೂ ಒಂದೊಂದು ಹೆಸರು, ಕೆಲವಕ್ಕೆ ಸಣ್ಣ ಶಾಸ್ತ್ರ ಬೇರೆ. ಇವತ್ತಿನ ಮಕ್ಕಳ ವೈದ್ಯರ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗು, ಮೂರು ನಾಲ್ಕು ತಿಂಗಳಿಗೆ ಕುತ್ತಿಗೆ, ಎಂಟು ತಿಂಗಳ ಒಳಗೆ ಆಸರೆ ಇಲ್ಲದೆ ಕೂಡೋದು, ವರ್ಷ ಒಂದೂಕಾಲು ವರ್ಷದಲ್ಲಿ ನಡಿಗೆ.

ವ್ಯತ್ಯಾಸ ಇರೋದು ಮುಂದಿನ ಹೆಜ್ಜೆಯಲ್ಲಿ. ಅಜ್ಜಿ ಹೇಳೋದು, "ಅವರಪ್ಪನೂ ಹಿಂಗೇ ಇದ್ದ, ತಡಾ ಆದ್ರೂ ಬರ್ತದ ಬಿಡು". ಬಹಳ ಸಲ ಅದು ನಿಜವೂ ಆಗುತ್ತೆ. ನಿಜ ಆಗದೇ ಇದ್ದಾಗ ಮಾತ್ರ ಎರಡು ವರ್ಷ ಹೋಗಿರುತ್ತೆ. ಆ ಎರಡು ವರ್ಷವೇ ಮುಖ್ಯ. ಹುಟ್ಟಿದ ಮೊದಲೆರಡು ವರ್ಷಗಳಲ್ಲಿ ಮಿದುಳು ಬೆಳೆಯುವಷ್ಟು ವೇಗವಾಗಿ, ಒಂದು ಭಾಗದ ಕೆಲಸ ಇನ್ನೊಂದು ಕಲಿತುಕೊಳ್ಳುವಷ್ಟು ಸುಲಭವಾಗಿ ಮುಂದೆ ಯಾವತ್ತೂ ಆಗಲ್ಲ. ಕಿವಿ ಕೇಳದ ಮಗುವಿಗೆ ಆರು ತಿಂಗಳ ಒಳಗೆ ಶ್ರವಣ ಸಾಧನ ಹಾಕಿದರೆ ಮಾತು ಬರೋ ಸಾಧ್ಯತೆ ಹೆಚ್ಚು, ನಾಲ್ಕು ವರ್ಷ ಆದ ಮೇಲೆ ಹಾಕಿದರೆ ಅಷ್ಟೇ ಕಷ್ಟ. 'ಅರ್ಲಿ ಇಂಟರ್‌ವೆನ್ಷನ್' ಅನ್ನೋ ದೊಡ್ಡ ಪದದ ಹಿಂದಿರೋದು ಇಷ್ಟು ಸರಳ ಸಂಗತಿ. ಬೇಗ ನೋಡು, ಬೇಗ ಶುರು ಮಾಡು.

ಸರಿ, ಈಗ ಸಿಸ್ಟರ ಕಡೆಗೆ ಬರೋಣ.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿ ವರದಿ ಬಂತು. ದೇಶಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬೇಕು, ತಾಯಿ ಮಗುವಿನ ಆರೈಕೆ ಅದರ ನಡುಮಧ್ಯ ಇರಬೇಕು ಅಂತ ಅದು ಹೇಳಿತು. 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಆಯಿತು. 1950ರ ದಶಕದಲ್ಲಿ ಎ.ಎನ್.ಎಂ. ಅನ್ನೋ ಹುದ್ದೆ ಹಳ್ಳಿಗಳಿಗೆ ಬರತೊಡಗಿತು. ಮೂಲದಲ್ಲಿ ಅವಳ ಕೆಲಸ ಹೆರಿಗೆ ಮತ್ತು ಕೂಸು, ಅಷ್ಟೇ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಬಂದು ಅವಳನ್ನ 'ವಿವಿಧೋದ್ದೇಶ ಕಾರ್ಯಕರ್ತೆ' ಮಾಡಿತು. ಮಲೇರಿಯಾನೂ ಅವಳೇ, ಲಸಿಕೆಯೂ ಅವಳೇ, ಕುಟುಂಬ ಯೋಜನೆಯೂ ಅವಳೇ. ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ, ಒಬ್ಬ ಸಿಸ್ಟರು ಅನ್ನೋ ಲೆಕ್ಕ.

ಸರ್ಕಾರಿ ಕೆಲಸದಲ್ಲಿ ರಿಜಿಸ್ಟರಿನ ಕಾಲಂ ಏನಿದೆಯೋ ಅದೇ ಕೆಲಸ. ಕಾಲಂ ಇಲ್ಲದ್ದು ಕೆಲಸ ಅಲ್ಲ. 1970, 80ರ ದಶಕದ ಸಿಸ್ಟರ ರಿಜಿಸ್ಟರಿನಲ್ಲಿ ದೊಡ್ಡ ಕಾಲಂ ಆಪರೇಷನ್ ಕೇಸುಗಳದ್ದು. ತಿಂಗಳಿಗೆ ಇಷ್ಟು ಟ್ಯುಬೆಕ್ಟಮಿ ತರಬೇಕು, ತರದಿದ್ದರೆ ಮೀಟಿಂಗಿನಲ್ಲಿ ಮರ್ಯಾದೆ ಹೋಗುತ್ತೆ. ಈ ಟಾರ್ಗೆಟ್ ಪದ್ಧತಿಯನ್ನ ಕೇಂದ್ರ ಸರ್ಕಾರ ಕೈಬಿಟ್ಟಿದ್ದು 1996ರಲ್ಲಿ. ಹುಟ್ಟಿದ ಕೂಸು, ಸತ್ತ ಕೂಸು, ಲಸಿಕೆ ಹಾಕಿದ ಕೂಸು, ಎಲ್ಲಕ್ಕೂ ಕಾಲಂ ಇತ್ತು. ಬದುಕಿದೆ ಆದರೆ ಕುತ್ತಿಗೆ ನಿಂತಿಲ್ಲ ಅನ್ನೋ ಕೂಸಿಗೆ ಇರಲಿಲ್ಲ. ಸಿಸ್ಟರು ನೋಡಿರಲಿಲ್ಲ ಅಂತಲ್ಲ, ನೋಡಿದ್ದನ್ನ ಬರೆಯೋಕೆ ಜಾಗ ಇರಲಿಲ್ಲ. ಬರೆದರೂ ಕಳಿಸೋದೆಲ್ಲಿಗೆ?

ಕಳಿಸೋ ಜಾಗಗಳು ಇದ್ದದ್ದು ದೂರದಲ್ಲಿ. ಬೆಂಗಳೂರಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಘ (ಎ.ಪಿ.ಡಿ.) ಕಟ್ಟಿದರು. ಮೈಸೂರಲ್ಲಿ 1965ರಲ್ಲಿ ವಾಕ್ ಶ್ರವಣ ಸಂಸ್ಥೆ ಆಯಿತು. 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ ಬಂತು. ನಮ್ಮ ಸೀಮೆಗೆ ಇವುಗಳಲ್ಲಿ ಹತ್ತಿರ ಅಂದರೆ ಸಿಕಂದರಾಬಾದೇ! ಇಲ್ಲಿ ಹಳೇ ನಿಜಾಮನ ನಕ್ಷೆಯೇ ಮತ್ತೆ ಉಪಯೋಗಕ್ಕೆ ಬಂತು ಅನ್ನಬಹುದು. ಇದೇ ಹೊತ್ತಿಗೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐ.ಸಿ.ಡಿ.ಎಸ್. ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಆಗಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಂಗನವಾಡಿ ಅನ್ನೋ ಜಾಗ ಒಂದು ಬಂದಿದ್ದು ಬಹಳ ದೊಡ್ಡದು. ಮಗುವನ್ನ ತೂಗೋ ತಕ್ಕಡಿ ಊರಿಗೆ ಬಂತು. ಆದರೆ ತಕ್ಕಡಿ ತೂಕ ಹೇಳುತ್ತೆ, ನಗುತ್ತೋ ಇಲ್ಲವೋ ಹೇಳಲ್ಲ.

ಇನ್ನು ನದಿಯ ಆಚೆ ದಂಡೆಯ ಕತೆ. ಇದು ನನಗೆ ಬಹಳ ಇಷ್ಟವಾದ ಕತೆ.

ಸಿಂಧನೂರಿನಿಂದ ದಕ್ಷಿಣಕ್ಕೆ ಹೋಗಿ ತುಂಗಭದ್ರೆ ದಾಟಿದರೆ ಸಿರುಗುಪ್ಪ, ಅಂದರೆ ಬಳ್ಳಾರಿ ಜಿಲ್ಲೆ. 1970ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಬೆಂಗಳೂರು ಹತ್ತಿರದ ಸಕಲವಾರದಲ್ಲಿ ಒಂದು ಪ್ರಯೋಗ ಮಾಡಿತ್ತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಕೆಲವು ದಿನ ತರಬೇತಿ ಕೊಟ್ಟರೆ ಅವರು ಮಾನಸಿಕ ಕಾಯಿಲೆ, ಮೂರ್ಛೆರೋಗ, ಬುದ್ಧಿಮಾಂದ್ಯತೆಗಳನ್ನ ಗುರುತಿಸಬಲ್ಲರೆ? ಗುರುತಿಸಬಲ್ಲರು ಅಂತ ಗೊತ್ತಾಯಿತು. (ನಮ್ಮ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ಓದದ ಕನ್ನಡಿಗರು ಕಡಿಮೆ. ಅವರೂ ಈ ಕೆಲಸದಲ್ಲಿದ್ದವರೇ.) ಆಮೇಲೆ 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ಮಾಡಿ ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಸಹಾಯಕ ಸಹಾಯಕಿಯರಿಗೆ ತರಬೇತಿ, ಕೆಲವೇ ಕೆಲವು ಔಷಧ, ಒಂದು ಸರಳ ದಾಖಲೆ. ಇದೇ 'ಬಳ್ಳಾರಿ ಮಾದರಿ' ಅಂತ ಹೆಸರಾಗಿ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು.

ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಬಳ್ಳಾರಿ ಹೆಸರು ಎಲ್ಲರೂ ಹೇಳ್ತಾರೆ. ನಾನು ಹೇಳ್ತಿರೋದು ಅದರ ಒಂದು ಮೂಲೆಯ ವಿಷಯ. ಮೂರ್ಛೆರೋಗ ಮತ್ತು ಬುದ್ಧಿಮಾಂದ್ಯತೆ ಆ ಪಟ್ಟಿಯಲ್ಲಿ ಇದ್ದದ್ದರಿಂದ ಹಳ್ಳಿಯ ಸಿಸ್ಟರಿಗೆ ಮೊದಲ ಸಲ 'ಇದು ನಿನ್ನ ಕೆಲಸ, ಇದನ್ನ ನೋಡು, ಬರೆದು ಕಳಿಸು' ಅಂತ ಹೇಳಿದಂತಾಯಿತು. ಫಿಟ್ಸ್ ಬರೋ ಮಗುವಿಗೆ ದೇವರ ಕಾಟ ಅಂತ ಸುತ್ತಾಡಿಸೋ ಬದಲು ಹತ್ತಿರದ ಆಸ್ಪತ್ರೆಯಲ್ಲೇ ಮಾತ್ರೆ ಸಿಗುತ್ತೆ ಅಂತಾಯಿತು. ಆದರೂ ಅದು ಕೂಸುಗಳಿಗಾಗಿ ಮಾಡಿದ ಯೋಜನೆ ಅಲ್ಲ. ಬೆಳೆದ ಮಗು, ಬೆಳೆದ ಮನುಷ್ಯರೇ ಅದರ ಲೆಕ್ಕದಲ್ಲಿ ಮುಖ್ಯ. ಕಾಲಂ ಬಂತು, ವಯಸ್ಸು ಇನ್ನೂ ಇಳಿಯಬೇಕಿತ್ತು.

ವಯಸ್ಸು ಇಳಿಯೋಕೆ ಬೇಕಾದ ಸಾಮಾನು ಬೇರೆ ಕಡೆ ತಯಾರಾಗ್ತಿತ್ತು. ಅಮೆರಿಕದಲ್ಲಿ 1967ರಲ್ಲಿ ಡೆನ್ವರ್ ಪರೀಕ್ಷೆ ಬಂದಿತ್ತು. 1969ರಲ್ಲಿ ವಿಸ್ಕಾನ್ಸಿನ್‌ನ ಪೋರ್ಟೇಜ್ ಅನ್ನೋ ಸಣ್ಣ ಊರಲ್ಲಿ ಇನ್ನೊಂದು ಯೋಜನೆ ಶುರುವಾಯಿತು. ಹಳ್ಳಿಗಾಡಿನ ಊರದು, ಮಕ್ಕಳನ್ನ ದಿನಾ ಕೇಂದ್ರಕ್ಕೆ ಕರೆತರೋದು ಆಗದ ಮಾತು. ಅದಕ್ಕೆ ವಾರಕ್ಕೊಮ್ಮೆ ಒಬ್ಬರು ಮನೆಗೇ ಹೋಗಿ ತಾಯಿಗೆ ಹೇಳಿಕೊಡೋದು, ಉಳಿದ ದಿನ ತಾಯಿಯೇ ಮಾಡೋದು. ನಮ್ಮ ಹಳ್ಳಿಗಳಿಗೆ ಸರಿಹೊಂದಿದ್ದು ಇದೇ. ಆದರೆ ಅಮೆರಿಕದ ಮಗುವಿನ ಅಳತೆ ನಮ್ಮ ಮಗುವಿಗೆ ಆಗಬೇಕಲ್ಲ? ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪ್ರಮೀಳಾ ಫಾಟಕ್ ಅವರು ಭಾರತದ ಶಿಶುಗಳನ್ನೇ ಅಳೆದು ಇಲ್ಲಿನ ಅಳತೆಗೋಲು ಮಾಡಿದರು. ಆ ಬರೋಡಾ ಅಳತೆಯಿಂದ 17 ಅಂಶ ಆರಿಸಿಕೊಂಡು ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನ ಡಾ. ಎಂ.ಕೆ.ಸಿ. ನಾಯರ್ ತಂಡ 1991ರಲ್ಲಿ ಒಂದು ಪುಟದ ಪರೀಕ್ಷೆ ಹೊರತಂದಿತು.

ಈ ತಿರುವನಂತಪುರದ ಪರೀಕ್ಷೆ ಎಷ್ಟು ಜಾಣತನದ್ದು ನೋಡಿ. ಹಾಳೆಯ ಮೇಲೆ ಹುಟ್ಟಿನಿಂದ 24 ತಿಂಗಳವರೆಗೆ ಗೆರೆ. ಪ್ರತಿ ಅಂಶಕ್ಕೂ ಒಂದು ಪಟ್ಟಿ. ಮಗುವಿನ ವಯಸ್ಸಿನ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ಇಟ್ಟರೆ ಆಯಿತು. ಪೆನ್ಸಿಲ್ಲಿನ ಎಡಕ್ಕೆ ಮುಗಿದುಹೋದ ಪಟ್ಟಿಗಳಲ್ಲಿ ಯಾವುದನ್ನಾದರೂ ಮಗು ಮಾಡ್ತಿಲ್ಲ ಅಂದರೆ ಮುಂದಕ್ಕೆ ಕಳಿಸು. ಬೇಕಾದ ಸಾಮಾನು ಒಂದು ಪೆನ್ನು, ಒಂದು ಬೀಗದ ಕೈ ಗೊಂಚಲು. ಐದಾರು ನಿಮಿಷದ ಕೆಲಸ. ಅವಧಿಗೆ ಮುಂಚೆ ಹುಟ್ಟಿದ ಕೂಸಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನ ವಯಸ್ಸಿನಲ್ಲಿ ಕಳೆಯಬೇಕು, ಅದೊಂದು ನೆನಪಿರಬೇಕು. ಡಾಕ್ಟರು ಬೇಕಿಲ್ಲ, ಅಂಗನವಾಡಿ ಟೀಚರೂ ಮಾಡಬಹುದು, ಸಿಸ್ಟರೂ ಮಾಡಬಹುದು. ಅಜ್ಜಿಯ ಅಳತೆಗೋಲು ಮತ್ತು ವಿಜ್ಞಾನದ ಅಳತೆಗೋಲು ಒಂದೇ ಹಾಳೆ ಮೇಲೆ ಕೂಡಿದ್ದು ಇಲ್ಲೇ ಅನ್ನಿಸುತ್ತೆ ನನಗೆ.

ಮನೆಗೇ ಹೋಗಿ ಕಲಿಸೋ ದಾರಿ ನಮ್ಮ ಜಿಲ್ಲೆಗೂ ಬಂತು. 1980ರ ದಶಕದ ಉತ್ತರಾರ್ಧದಲ್ಲಿ ದೇವದುರ್ಗ ತಾಲೂಕಿನಲ್ಲಿ ಕೆಲಸ ಶುರುಮಾಡಿದ 'ಸಮೂಹ' ಸಂಸ್ಥೆ ಮುಂದೆ ಅಂಗವಿಕಲರಿಗಾಗಿ ಸಮುದಾಯ ಆಧಾರಿತ ಪುನರ್ವಸತಿ ಕೈಗೆತ್ತಿಕೊಂಡಿತು. ರಾಯಚೂರು, ಕೊಪ್ಪಳ ಸೀಮೆಯಲ್ಲಿ 'ಸಮರ್ಥ್ಯ' ಅನ್ನೋ ಹೆಸರು ಕೇಳಿದವರಿರಬಹುದು. ಇಂಥ ಕೆಲಸದ ಮೂಲ ತತ್ವ ಒಂದೇ. ಮಗುವನ್ನ ಸಂಸ್ಥೆಗೆ ಹಾಕಬೇಡ, ಸಂಸ್ಥೆಯನ್ನ ಮಗುವಿನ ಅಂಗಳಕ್ಕೆ ತಾ. ಬಿದಿರಿನ ಸಮಾಂತರ ಕಂಬಿ, ಮೂಲೆಗೆ ಕೂಡಿಸೋ ಕುರ್ಚಿ, ಊರ ಬಡಗಿಯೇ ಮಾಡಿಕೊಟ್ಟ ನಿಲ್ಲೋ ಚೌಕಟ್ಟು.

ಇಷ್ಟು ಹೊತ್ತು ತಡವಾಗಿದ್ದನ್ನ ಕಂಡುಹಿಡಿಯೋದು ಹೇಳಿದೆ. ತಡ ಆಗದ ಹಾಗೆ ತಡೆಯೋದರಲ್ಲೂ ನರ್ಸುಗಳದ್ದೇ ಕೈ. ಮೂರು ಉದಾಹರಣೆ ಕೊಡ್ತೀನಿ.

ಮೊದಲನೆಯದು ಕಾಮಾಲೆ. ನವಜಾತ ಶಿಶುವಿಗೆ ಕಾಮಾಲೆ ಅತಿ ಹೆಚ್ಚಾದರೆ ಬಿಲಿರುಬಿನ್ ಮಿದುಳಿಗೆ ಹೋಗಿ ಕೂತು ಮಗುವಿನ ಚಲನೆ, ಕಿವಿ ಎರಡನ್ನೂ ಕೆಡಿಸಬಹುದು. ನಮ್ಮ ಕಡೆ ಇದಕ್ಕೆ ಏನು ಮಾಡ್ತಿದ್ದರು? ಹೊಟ್ಟೆ ಮೇಲೆ ಬರೆ ಹಾಕಿಸೋದು. ಬರೆ ಹಾಕಿದರೆ ಗಾಯ, ಸೋಂಕು, ಜೊತೆಗೆ ಅಮೂಲ್ಯವಾದ ಎರಡು ದಿನ ವ್ಯರ್ಥ. ಈಗ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸ್ತಾರಲ್ಲ, ಅದನ್ನ ಕಂಡುಹಿಡಿದದ್ದು ಹೇಗೆ ಗೊತ್ತೆ? 1956ರಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಅನ್ನೋರು ಅವಧಿಪೂರ್ವ ಶಿಶುಗಳ ವಾರ್ಡು ನೋಡ್ಕೊತಿದ್ದರು. ಬಿಸಿಲಿದ್ದ ದಿನ ಕೂಸುಗಳನ್ನ ಅಂಗಳಕ್ಕೆ ಕರೆದುಕೊಂಡು ಹೋಗೋದು ಅವರ ರೂಢಿ. ಒಂದು ದಿನ ಒಂದು ಕೂಸನ್ನ ಡಾಕ್ಟರಿಗೆ ತೋರಿಸಿದರು. ಮೈಯೆಲ್ಲ ಬಿಳಿಚಿದೆ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಳದಿ! ಬೆಳಕು ಕಾಮಾಲೆಯನ್ನ ಇಳಿಸುತ್ತೆ ಅನ್ನೋ ವಿಷಯ ಹೀಗೆ ಹೊರಬಂತು. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಡಾಕ್ಟರುಗಳ ಲೇಖನ ಬಂತು. ಕಣ್ಣು ಮಾತ್ರ ಸಿಸ್ಟರದು. (ಇದನ್ನ ಓದಿ ಯಾರೂ ಹಳದಿ ಕೂಸನ್ನ ಬಿಸಿಲಿಗೆ ಹಿಡಿದು ಸುಮ್ಮನಾಗಬೇಡಿ. ಕಾಮಾಲೆ ಎಷ್ಟಿದೆ ಅಂತ ಆಸ್ಪತ್ರೆಯಲ್ಲಿ ಅಳತೆ ಮಾಡಿಸಲೇಬೇಕು.)

ಎರಡನೆಯದು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರುಗಳ ಕೊರತೆ. ಡಾ. ಎಡ್ಗರ್ ರೇ ಅವರು ಕಡಿಮೆ ತೂಕದ ಕೂಸನ್ನ ತಾಯಿಯ ಎದೆಗೇ ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟಿಸಿದರು. ಬಡತನದ ಉಪಾಯ ಅಂತ ಶುರುವಾದದ್ದು ಈಗ ಜಗತ್ತಿನ ಅತ್ಯುತ್ತಮ ಉಪಾಯ. ಬೊಗೊಟಾದ ಆ ಮಕ್ಕಳನ್ನ 20 ವರ್ಷದ ಮೇಲೆ ಮತ್ತೆ ನೋಡಿ 2017ರಲ್ಲಿ ವರದಿ ಮಾಡಿದಾಗಲೂ ನಡವಳಿಕೆಯಲ್ಲಿ, ಸಾಮಾಜಿಕ ಬದುಕಿನಲ್ಲಿ ಅದರ ಲಾಭ ಉಳಿದಿತ್ತು. ಇದಕ್ಕೂ ನಮ್ಮ ಸೀಮೆಗೂ ಏನು ಸಂಬಂಧ ಅಂದರೆ, 2010ರ ದಶಕದ ಉತ್ತರಾರ್ಧದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಒಂದು ಇಡೀ ಜಿಲ್ಲೆಗೆ ಮುಟ್ಟಿಸೋದು ಹೇಗೆ ಅಂತ ನೋಡೋಕೆ ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯೂ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರದ ಜೊತೆ ಸೇರಿ ಮಾಡಿದ ಕೆಲಸ. 2000 ಗ್ರಾಂಗಿಂತ ಕಡಿಮೆ ತೂಕದ ಕೂಸು, ದಿನಕ್ಕೆ ಕನಿಷ್ಠ 8 ಗಂಟೆ ಎದೆಗೆ, ಎದೆಹಾಲು ಬಿಟ್ಟು ಬೇರೇನೂ ಇಲ್ಲ. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಕಲಿಸಬೇಕು, ಮನೆಗೆ ಹೋದ ಮೇಲೆ ಆಶಾ ನೋಡಬೇಕು. ಎಂಟು ಗಂಟೆ ಅಂದರೆ ಸುಮ್ಮನೆ ಅಲ್ಲ ಸ್ವಾಮಿ. ಬೇಸಿಗೆಯಲ್ಲಿ 42 ಡಿಗ್ರಿ ಇರೋ ಊರಲ್ಲಿ ಬಾಣಂತಿಯನ್ನ, ಅವಳ ಅತ್ತೆಯನ್ನ, ಗಂಡನನ್ನ ಒಪ್ಪಿಸಬೇಕು. ಆ ಒಪ್ಪಿಸೋ ಕೆಲಸ ಪೂರ್ತಿ ನರ್ಸಿನದು. ಅದಕ್ಕೆ ಯಂತ್ರ ಇಲ್ಲ.

ಮೂರನೆಯದು ಕಣ್ಣು. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳ ರೆಟಿನಾ ಕೆಡಬಹುದು, ಕೆಲವೇ ವಾರದಲ್ಲಿ ಚಿಕಿತ್ಸೆ ಆಗಬೇಕು. ತಡವಾದರೆ ಜೀವನಪೂರ್ತಿ ಕತ್ತಲೆ. ಹಳ್ಳಿಗಾಡಿನಲ್ಲಿ ಇದನ್ನ ನೋಡಬಲ್ಲ ತಜ್ಞರು ಎಲ್ಲಿಂದ ಬರಬೇಕು? ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ತಂಡ 2008ರಲ್ಲಿ 'ಕಿಡ್‌ರಾಪ್' ಶುರುಮಾಡಿ ತಂತ್ರಜ್ಞರನ್ನ ಕ್ಯಾಮೆರಾ ಕೊಟ್ಟು ಜಿಲ್ಲೆಗಳಿಗೆ ಕಳಿಸಿತು. ಚಿತ್ರ ಇಂಟರ್ನೆಟ್ಟಿನಲ್ಲಿ ಬೆಂಗಳೂರಿಗೆ, ಉತ್ತರ ಅಲ್ಲಿಂದ ವಾಪಸ್ಸು. ಮುಂದೆ ಸರ್ಕಾರದ ಸಹಭಾಗಿತ್ವದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಬಂತು. ಇಲ್ಲೂ ಸರಪಳಿಯ ಮೊದಲ ಕೊಂಡಿ ವಾರ್ಡಿನ ನರ್ಸು. ಯಾವ ಕೂಸು ಎಷ್ಟು ವಾರಕ್ಕೆ ಹುಟ್ಟಿತು, ಯಾವ ದಿನ ಪರೀಕ್ಷೆ ಅಂತ ಪಟ್ಟಿ ಇಟ್ಟು ಡಿಸ್ಚಾರ್ಜ್ ಆದವರನ್ನ ಫೋನು ಮಾಡಿ ಕರೆಸೋರು ಅವರು.

ಕಾನೂನಿನ ಕಡೆ ನೋಡಿದರೆ, ಮಕ್ಕಳನ್ನ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಅಂತ 1995ರ ಅಂಗವಿಕಲರ ಕಾಯ್ದೆಯ 25ನೇ ಕಲಮಿನಲ್ಲೇ ಇತ್ತು. 2016ರ ಹೊಸ ಕಾಯ್ದೆಯಲ್ಲೂ ಇದೆ, ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಆದರೆ ಕಾಯ್ದೆಯಲ್ಲಿರೋದು ಸಾಲಗುಂದಕ್ಕೆ ಬರಬೇಕಾದರೆ ಒಂದು ಗಾಡಿ ಬೇಕು. ಆ ಗಾಡಿ ಬಂದದ್ದು 2013ರಲ್ಲಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಹೆಸರಲ್ಲಿ. ಇಬ್ಬರು ಆಯುಷ್ ವೈದ್ಯರು (ಒಬ್ಬರು ಮಹಿಳೆ), ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್, ಇದು ತಂಡ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. 30 ತೊಂದರೆಗಳ ಪಟ್ಟಿ, ಅದರಲ್ಲಿ ಬೆಳವಣಿಗೆ ತಡವಾಗೋದು ಒಂದು ಪ್ರತ್ಯೇಕ ಗುಂಪು. ಹುಟ್ಟಿದ ಕೂಡಲೇ ಹೆರಿಗೆ ವಾರ್ಡಿನ ನರ್ಸ್ ನೋಡಬೇಕು, ಆರು ವಾರದವರೆಗೆ ಆಶಾ ಮನೆಯಲ್ಲಿ ನೋಡಬೇಕು, ಆಮೇಲೆ ಈ ತಂಡ. ಕಂಡುಬಂದರೆ ಜಿಲ್ಲಾ ಆಸ್ಪತ್ರೆಯ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿ.ಇ.ಐ.ಸಿ.ಗೆ. ಅಲ್ಲಿ ಫಿಸಿಯೋಥೆರಪಿ, ಮಾತು, ಕಿವಿ, ಕಣ್ಣು, ಮನಶ್ಶಾಸ್ತ್ರ ಎಲ್ಲ ಒಂದೇ ಸೂರಿನ ಕೆಳಗೆ ಅನ್ನೋದು ಯೋಜನೆ. 2018ರಿಂದ ಆಶಾ 3, 6, 9, 12, 15ನೇ ತಿಂಗಳಿಗೂ ಮನೆಗೆ ಹೋಗಬೇಕು ಅಂತಾಯಿತು. ಕೊನೆಗೂ ಕಾಲಂ ಬಂತು! 1946ರ ವರದಿಯಿಂದ ಲೆಕ್ಕ ಹಾಕಿದರೆ 67 ವರ್ಷ.

ಕಾಲಂ ಬಂದ ಮೇಲೆ ಎಲ್ಲ ಸರಿಹೋಯಿತೆ? ಇಲ್ಲ. ಒಂದು ಸಲ ನೋಡಿ ಗುರುತಿಸೋದು ಸುಲಭ. ಆಮೇಲಿನದು ಕಷ್ಟ. ಸಿಂಧನೂರಿಂದ ರಾಯಚೂರು ಸುಮಾರು 90 ಕಿ.ಮೀ. ಥೆರಪಿ ಒಂದು ದಿನದ್ದಲ್ಲ, ವಾರವಾರ ತಿಂಗಳುಗಟ್ಟಲೆ. ಭತ್ತದ ನಾಟಿ ಕಾಲದಲ್ಲಿ ಒಂದು ದಿನ ರಾಯಚೂರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಮನೆಯಲ್ಲಿ ಇನ್ನೆರಡು ಮಕ್ಕಳು. 2023ರ ಜೂನಿನಲ್ಲಿ 'ಶಕ್ತಿ' ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜ್ ಉಳಿಯಿತು. ಇದನ್ನ ಬೈಯೋರು ಬಹಳ ಜನ ಇದ್ದಾರೆ. ಕಂಕುಳಲ್ಲಿ ಮೂರು ವರ್ಷದ ನಡೆಯದ ಮಗು ಎತ್ತಿಕೊಂಡು ಥೆರಪಿಗೆ ಹೋಗೋ ತಾಯಿಯ ಲೆಕ್ಕದಲ್ಲಿ ಒಂದು ಸಲ ನೋಡಿ ಆಮೇಲೆ ಬೈಯಲಿ ಅನ್ನೋದು ನನ್ನ ಅಭಿಪ್ರಾಯ. 2024ರಲ್ಲಿ ಸಿಂಧನೂರಿಗೆ ರೈಲೂ ಬಂತು, ಆದರೆ ಅದು ಹೋಗೋದು ಹುಬ್ಬಳ್ಳಿ ದಿಕ್ಕಿಗೆ. 2020ರ ಕೋವಿಡ್ ಕಾಲದಲ್ಲಿ ಅಂಗನವಾಡಿ ಮುಚ್ಚಿ, ಸಿಸ್ಟರು ಆಶಾ ಎಲ್ಲರೂ ಕೋವಿಡ್ ಕೆಲಸಕ್ಕೆ ಹೋದರು. ಆ ವರ್ಷ ಹುಟ್ಟಿದ ಕೂಸುಗಳ 'ಮೊದಲೆರಡು ವರ್ಷ'ವನ್ನ ಯಾರೂ ವಾಪಸ್ಸು ಕೊಡೋಕಾಗಲ್ಲ.

ಅದಕ್ಕೇ ಮನೆಬಾಗಿಲಿಗೆ ಬರೋ ಸಿಸ್ಟರೇ ಇವತ್ತಿಗೂ ಮುಖ್ಯ. ಅವರು ಹೇಳಿಕೊಡೋದು ರಾಕೆಟ್ ವಿಜ್ಞಾನ ಅಲ್ಲ. ಬಿಗಿಯಾದ ಕಾಲಿನ ಕೂಸನ್ನ ಕಾಲು ಜೋಡಿಸಿ ಎತ್ತಬೇಡ, ಸೊಂಟದ ಎರಡೂ ಕಡೆ ಕಾಲು ಬಿಡಿಸಿ ಕಂಕುಳಿಗೆ ಹಾಕಿಕೋ. ಮಲಗಿಸಿ ಹಾಲು ಕುಡಿಸಬೇಡ, ತಲೆ ಸ್ವಲ್ಪ ಮುಂದಕ್ಕಿಟ್ಟು ಕೂಡಿಸಿ ಕುಡಿಸು, ಇಲ್ಲಾಂದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಎಚ್ಚರ ಇದ್ದಾಗ ದಿನಾ ಸ್ವಲ್ಪ ಹೊತ್ತು ಬೋರಲು ಹಾಕು, ನೀನು ಎದುರಿಗೆ ಮಲಗಿ ಕರಿ, ಕುತ್ತಿಗೆ ಎತ್ತಲಿ. ಎರೆಯುವಾಗ, ಎಣ್ಣೆ ಹಚ್ಚುವಾಗ ಮಾತಾಡು, ಹಾಡು. ನಮ್ಮ ಎಣ್ಣೆನೀರಿನ ಸಂಪ್ರದಾಯ ಬಿಡಿಸೋದು ಬೇಡ, ಅದರೊಳಗೇ ಥೆರಪಿ ಸೇರಿಸಿದರೆ ಆಯಿತು. ತಿಳಿದ ಸಿಸ್ಟರು ಮಾಡೋದು ಅದನ್ನೇ.

ಇದರಿಂದ ಮಗು ಪೂರ್ತಿ ಸರಿಹೋಗುತ್ತಾ ಅಂತ ಕೇಳ್ತಾರೆ. ಎಲ್ಲ ಮಕ್ಕಳೂ ಅಲ್ಲ. ಕೆಲವರು ನಡೀತಾರೆ, ಕೆಲವರು ಕೂಡ್ತಾರೆ, ಕೆಲವರು ಕೂಡೋದೂ ಇಲ್ಲ. ಆದರೆ ಕೂಡೋ ಮಗು ಊಟ ಮಾಡುತ್ತೆ, ಎದುರಿನವರ ಮುಖ ನೋಡುತ್ತೆ, ಮನೆಯವರ ಮಾತಿನ ನಡುವೆ ಇರುತ್ತೆ. ಮೂಲೆಯಲ್ಲಿ ಮಲಗಿರೋದಕ್ಕೂ ಇದಕ್ಕೂ ಅಜಗಜಾಂತರ. ಇನ್ನೊಂದು ಲಾಭ ತಾಯಿಗೆ. ಇಂಥ ಮಗು ಹುಟ್ಟಿದರೆ ಊರು ಮೊದಲು ಬೆರಳು ತೋರಿಸೋದು ಅವಳ ಕಡೆಗೇ. ಗ್ರಹಣದಲ್ಲಿ ಹೊರಗೆ ಬಂದಳು, ಏನೋ ತಿಂದಳು, ಪಾಪ ಮಾಡಿದ್ದಳು. ಬಿಳಿ ಸೀರೆಯವರು ಬಂದು ನಾಲ್ಕು ಜನರ ಮುಂದೆ "ಕೂಸು ಹುಟ್ಟಿದ ತಕ್ಷಣ ಅಳಲಿಲ್ಲ, ಉಸಿರು ತಡ ಆಯಿತು, ಅದಕ್ಕೆ ಹಿಂಗ. ಇವಳ ತಪ್ಪಿಲ್ಲ" ಅಂದರೆ ಅದಕ್ಕೆ ತೂಕ ಇರುತ್ತೆ. ರಕ್ತಸಂಬಂಧದ ಮದುವೆ ವಿಷಯವೂ ಹಾಗೇ. 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮದುವೆ ಸಂಬಂಧದೊಳಗಿನದು. ಸೋದರಮಾವನಿಗೆ ಕೊಟ್ಟಿದ್ದು ಹಿರಿಯರು, ಬೈಸಿಕೊಳ್ಳೋದು ಹುಡುಗಿ! ಮುಂದಿನ ಬಸುರಿಗೆ ಮುಂಚೆ ಸಲಹೆ ತಗೊಳ್ಳಿ ಅಂತ ಬೈಯದೆ ಹೇಳೋ ಕಲೆ ಒಳ್ಳೆ ಸಿಸ್ಟರಿಗೆ ಗೊತ್ತು.

'ಇಷ್ಟು ಬೇಗ ಹಣೆಪಟ್ಟಿ ಹಚ್ಚೋದು ತಪ್ಪಲ್ಲವೇ, ಸುಮ್ಮನೆ ಗಾಬರಿ' ಅಂತ ಹೇಳೋರಿಗೂ ಒಂದು ಮಾತು. ತಪಾಸಣೆ ಅಂದರೆ ತೀರ್ಪಲ್ಲ. ಪೆನ್ಸಿಲ್ ಇಟ್ಟು ನೋಡಿದ್ದಕ್ಕೆ ಯಾವ ಮಗುವೂ 'ಮಂದ' ಆಗಲ್ಲ. ಸಂಶಯ ಸುಳ್ಳಾದರೆ ಒಂದು ಬಸ್ ಪ್ರಯಾಣ ದಂಡ. ಸುಮ್ಮನಿದ್ದು ಸಂಶಯ ನಿಜವಾದರೆ ದಂಡ ಏನು ಅಂತ ಮೇಲೆ ಹೇಳಿದ್ದೀನಿ.

2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಖುಷಿಪಟ್ಟೆವು. ಕೂಸನ್ನ ಭೂಮಿಗೆ ತಂದವರ ಹೆಸರು ಚರಿತ್ರೆಗೆ ಸೇರಿತು. ಹುಟ್ಟಿದ ಮೇಲೆ ಕುತ್ತಿಗೆ ನಿಲ್ಲದ ಕೂಸನ್ನ ಗುರುತಿಸಿ, ತಾಯಿಯನ್ನ ಕೂಡಿಸಿಕೊಂಡು ಹೇಳಿಕೊಟ್ಟ ನೂರಾರು ಎ.ಎನ್.ಎಂ.ಗಳು ಸದ್ದಿಲ್ಲದೆ ನಿವೃತ್ತರಾಗ್ತಿದ್ದಾರೆ. ಅವರ ಹಳೇ ರಿಜಿಸ್ಟರುಗಳನ್ನ ಗೆದ್ದಲು ತಿಂದಿರುತ್ತೆ. ತಿನ್ನದೇ ಇದ್ದರೂ ಅದರಲ್ಲಿ ಈ ಕಾಲಂ ಇಲ್ಲ. ಅಂದಮೇಲೆ ಇದು ಉಳಿದಿರೋದು ಅವರ ನೆನಪಿನಲ್ಲಿ ಮಾತ್ರ.

ಅದಕ್ಕೇ ಗೆಳೆಯರೆ, ಒಂದು ಕೋರಿಕೆ. ನಿಮ್ಮೂರಲ್ಲಿ ಒಬ್ಬರು ನಿವೃತ್ತ ಸಿಸ್ಟರು ಇದ್ದೇ ಇರ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಸಂಜೆ ಅವರ ಮನೆಗೆ ಹೋಗಿ. ಎಷ್ಟು ಹೆರಿಗೆ ಮಾಡಿಸಿದಿರಿ ಅಂತ ಎಲ್ಲರೂ ಕೇಳಿರ್ತಾರೆ, ಅದನ್ನ ಕೇಳಬೇಡಿ. 'ತಡ ಆಗಿದ್ದ ಕೂಸುಗಳು ಯಾವುವು ನೆನಪಿವೆ? ಆಮೇಲೆ ಅವು ಏನಾದವು?' ಅಂತ ಕೇಳಿ. ಹೆಸರು, ಊರು ಬೇಡ, ಕತೆ ಸಾಕು. ಬರೆದು ಹಾಕಿ. ಓದೋಕೆ ನಾನಂತೂ ಕಾಯ್ತಿರ್ತೀನಿ.